ನಾವು ಎರಿಭೂತ ಓಡಿಸಿದ ದಿನ

ನಿವೃತ್ತಿಯಾದ ಮೇಲೆ ಗಂಡಸು ಎರಡು ರೀತಿಯಲ್ಲಿ ಕೆಡುತ್ತಾನೆ. ಒಂದೋ ಮನೆಯಲ್ಲಿ ಕೂತು ಹೆಂಡತಿಯ ಅಡುಗೆಯ ಮೇಲ್ವಿಚಾರಣೆ ಮಾಡುತ್ತಾನೆ, ಇಲ್ಲವೇ ಊರು ಉದ್ಧಾರ ಮಾಡಲು ಹೊರಡುತ್ತಾನೆ. ಮೊದಲನೆಯದನ್ನು ನಾನು ಹದಿನೈದು ದಿನ ಮಾಡಿ ನೋಡಿದೆ. ಹದಿನಾರನೆಯ ದಿನ ಹೆಂಡತಿ ನನ್ನ ದುರ್ಬೀನು ತಂದು ಕೈಗಿಟ್ಟು, "ನೀವು ಹಕ್ಕಿ ನೋಡಾಕ ಹೋಗ್ರಿ, ನನಗ ಚೂರು ಉಸುರಾಡಾಕ ಬಿಡ್ರಿ" ಅಂದಳು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸರಕಾರಿ ಎಂಜಿನಿಯರನಾಗಿ ಕೆರೆ, ರಸ್ತೆ, ಸಣ್ಣ ಸೇತುವೆ ಕಟ್ಟಿಸುತ್ತ ಆಯುಷ್ಯ ಕಳೆದವನು ನಾನು. ಕೆರೆ ಏರಿಯ ಮೇಲೆ ಕೂಲಿಗಳ ದಾರಿ ಕಾಯುತ್ತ ನಿಲ್ಲುವಾಗ ಹಕ್ಕಿ ನೋಡುವ ಚಟ ಅಂಟಿತ್ತು. ಕಂಡದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ: ಹೆಸರು, ಜಾಗ, ಎಷ್ಟು ಹಕ್ಕಿ, ಗಾಳಿ ಯಾವ ಕಡೆಯದು. ಅದರಲ್ಲಿ ಒಂದೇ ಒಂದು ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇತ್ತು. ನೌಕರಿಯ ಮೊದಲ ವರ್ಷ ಸೋಲಾಪುರದ ಆಚೆ ಮೋಟಾರಿನಲ್ಲಿ ಹೋಗುವಾಗ ದೂರದ ಮಾಳದಲ್ಲಿ ಸೊಂಟದೆತ್ತರದ ಹಕ್ಕಿಯೊಂದು ಕತ್ತು ನೆಟ್ಟಗೆ ಮಾಡಿ ನಡೆದು ಹೋದದ್ದನ್ನು ಕಂಡಿದ್ದೆ. ಬಿಳಿ ಕತ್ತು, ತಲೆಯ ಮೇಲೆ ಕರೀ ಟೊಪ್ಪಿಗೆ. ಮರಾಠಿ ಡ್ರೈವರು ಅದನ್ನು ಮಾಳಢೋಕ ಅಂದ. ಮೋಟಾರು ನಿಲ್ಲಿಸುವುದರೊಳಗೆ ಮಾಯವಾಗಿತ್ತು. ಅರ್ಧ ನಿಮಿಷವೂ ನೋಡದ್ದನ್ನು ನೋಡಿದೆ ಎಂದು ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ.

ನಿವೃತ್ತನಾದ ಮೇಲೆ ಆ ಚಿಹ್ನೆ ಅಳಿಸಬೇಕೆಂಬ ಹಟ ಹಿಡಿಯಿತು. ಪ್ರತಿ ರವಿವಾರ ಬೆಳಗಿನ ಬಸ್ಸಿಗೆ ವಿಜಾಪುರದಿಂದ ತಿಕೋಟಾ, ಅಲ್ಲಿಂದ ನಡೆದೋ ಯಾರದೋ ಚಕ್ಕಡಿ ಹತ್ತಿಯೋ ಬಬಲೇಶ್ವರದ ಕಡೆ. ಸಂಜೆ ಸ್ಟೇಷನ್ ರಸ್ತೆಯಲ್ಲಿ ಚಹಾ ಕುಡಿದು ಮನೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ "ಮಾಳಢೋಕ ನೋಡೀರೇನು?" ಎಂದು ಕೇಳುತ್ತಿದ್ದೆ. ಎಲ್ಲರದೂ ಒಂದೇ ಉತ್ತರ: ಇಲ್ರಿ. ಹಕ್ಕಿಗಳ ಚಿತ್ರವಿದ್ದ ಪುಸ್ತಕವನ್ನು ಧೂಳು ಕುಡಿದೀತೆಂದು ಮನೆಯಲ್ಲೇ ಇಡುತ್ತಿದ್ದೆ. ಹಕ್ಕಿ ಹೇಗಿದೆ ಎಂದು ಯಾರಿಗೂ ಬಿಡಿಸಿ ಹೇಳಲೂ ಇಲ್ಲ. ಕಚೇರಿಯಲ್ಲಿ ಫೈಲು ಕೇಳುವವರಂತೆ ಹೆಸರು ಹೇಳಿ ಕೇಳುವುದು ನನ್ನ ರೂಢಿ.

ಊರು ಉದ್ಧಾರದ ಕೆಲಸವೂ ಜೊತೆಗೇ ನಡೆದಿತ್ತು. ನಡುವೆ ಬಿದ್ದ ದೊಡ್ಡ ಬರ ಮುಗಿದು ಒಂದೆರಡು ವರ್ಷವಾಗಿತ್ತು, ಎಲ್ಲರ ಬಾಯಲ್ಲೂ ಗಿಡ ನೆಡುವ ಮಾತು. ನಿವೃತ್ತ ಮಾಸ್ತರರು, ಕಾರಕೂನರು ಸೇರಿ ಒಂದು ಮಂಡಳಿ ಮಾಡಿಕೊಂಡೆವು. ಜಾಗ ಆರಿಸುವ ಕೆಲಸ ನನಗೆ ಬಂತು. ತಿಕೋಟಾ ಮತ್ತು ಬಬಲೇಶ್ವರದ ನಡುವಿನ ಒಂದು ಗಾಯರಾಣ ಆರಿಸಿದೆ. ಗಾಯರಾಣವೆಂದರೆ ಊರ ದನ ಕುರಿ ಮೇಯುವ ಹುಲ್ಲಿನ ಬಯಲು. ಒಂದು ಮರವಿಲ್ಲ. ನನ್ನ ಕಣ್ಣಿಗೆ ಅದು ಬರೀ ಖಾಲಿ ನೆಲವಾಗಿ ಕಂಡಿತು. ಮರ ಬಂದರೆ ಹಕ್ಕಿ ಬರುತ್ತವೆ ಎಂದು ಸಭೆಯಲ್ಲಿ ಭಾಷಣ ಬೇರೆ ಮಾಡಿದೆ.

ಮೊದಲ ಮಳೆ ಬಿದ್ದ ವಾರ ಗುದ್ದಲಿ, ಸಲಿಕೆ, ಕಬ್ಬಿಣದ ಬುಟ್ಟಿ ಹೊತ್ತು ಅಲ್ಲಿಗೆ ಹೋದೆವು. ಹಳೆಯ ಕಚೇರಿಯಿಂದ ಮಟ್ಟ ನೋಡುವ ಯಂತ್ರ ಬೇಡಿ ತಂದಿದ್ದೆ. ಸಸಿ ನೆಡುವ ಕುಣಿಗಳು ಒಂದೇ ಸಾಲಿನಲ್ಲಿ ಬರದಿದ್ದರೆ ನನಗೆ ಊಟ ಸೇರುವುದಿಲ್ಲ. ಹಗ್ಗ ಎಳೆಯುವಷ್ಟರಲ್ಲಿ ಕುರಿ ಕಾಯುವ ಮುದುಕನೊಬ್ಬ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಸ್ವಲ್ಪ ಹೊತ್ತು ನಮ್ಮನ್ನು ನೋಡಿ ನನ್ನ ಹತ್ತಿರ ಬಂದು ನಿಂತ.

"ಇಲ್ಲಿ ಕುಣಿ ತೋಡಬ್ಯಾಡ್ರಿ ಸಾಹೇಬ್ರ. ಎರಿಭೂತ ಕುಂತೈತಿ."

ಎರಿ ಎಂದರೆ ಕರೀ ಮಣ್ಣಿನ ಹೊಲ. ಹೊಲದ ಭೂತ ಎಂದು ನಾನು ಅರ್ಥ ಮಾಡಿಕೊಂಡೆ. ಮೈ ಉರಿದುಹೋಯಿತು. ನೌಕರಿಯುದ್ದಕ್ಕೂ ಇದೇ ಕಾಟ ಅನುಭವಿಸಿದ್ದೆ: ಇಲ್ಲಿ ಬಾವಿ ಬೇಡ, ದೇವರಿದೆ; ಅಲ್ಲಿ ರಸ್ತೆ ಬೇಡ, ದೆವ್ವವಿದೆ. ವಿಜ್ಞಾನ, ಮೂಢನಂಬಿಕೆ ಎಂದು ಅವನಿಗೆ ಒಂದು ಪಾಠವನ್ನೇ ಒಪ್ಪಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ. ಅದು ಪ್ರತಿ ವರ್ಷ ಮಳೆಗಾಲಕ್ಕೆ ಬಂದು ಕೂರುತ್ತದೆ, ಯಾರಿಗೂ ಏನೂ ಮಾಡುವುದಿಲ್ಲ, ಒಂದೆರಡು ತಿಂಗಳು ಅದರ ಪಾಡಿಗೆ ಬಿಟ್ಟರೆ ಸಾಕು ಎಂದ. ಮಾಸ್ತರರು ನಗಾಡಿದರು. ಹಾಗಾದರೆ ನಿನ್ನ ಭೂತವನ್ನು ನಾವೇ ಓಡಿಸುತ್ತೇವೆ ಎಂದೆ ನಾನು.

ಮುದುಕ ನನ್ನ ಮುಖ ನೋಡಿದ. "ಓಡಿಸಿದ್ರ ಓಡತೈತ್ರಿ. ಮತ್ತ ಬರಂಗಿಲ್ಲ."

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಭೂತವಿಲ್ಲವೆಂದು ಅವನಿಗೆ ತೋರಿಸಿಕೊಡಲು ಮಂಡಳಿಯವರನ್ನು ಸಾಲಾಗಿ ನಿಲ್ಲಿಸಿ, ಬುಟ್ಟಿಗಳನ್ನು ಸಲಿಕೆಯಿಂದ ಬಡಿಯುತ್ತ ಬಯಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಸಿದೆ. ಮರ್ಯಾದಸ್ಥ ಮಂದಿ, ಧೋತರ ಎತ್ತಿ ಕಟ್ಟಿಕೊಂಡು ಹೋಯ್ ಹೋಯ್ ಎನ್ನುತ್ತ ಹೊರಟರು. ನಾನು ಮಾತ್ರ ಯಂತ್ರದ ಕನ್ನಡಿಗೆ ಕಣ್ಣು ಹಚ್ಚಿ ಮಟ್ಟ ನೋಡುತ್ತಿದ್ದೆ. ಚಿತ್ರಕಲೆಯ ಮಾಸ್ತರರು ಅಲ್ಲಿಂದಲೇ ಕೂಗಿ ಏನೋ ದೊಡ್ಡ ಹಕ್ಕಿ ಎದ್ದಿತು ಎಂದರು. ತಲೆ ಎತ್ತುವುದರೊಳಗೆ ಆಕಾಶ ಖಾಲಿ. ರಣಹದ್ದು ಇರಬೇಕು ಎಂದು ಹೇಳಿ ಮತ್ತೆ ಕನ್ನಡಿಗೆ ಬಗ್ಗಿದೆ. ಸಂಜೆಯ ಹೊತ್ತಿಗೆ ಕುಣಿಗಳ ಸಾಲು ಸರಕಾರಿ ನಕಾಶೆಯಂತೆ ನೆಟ್ಟಗಿತ್ತು. ಬೇವು, ಜಾಲಿ ಸಸಿ ನೆಟ್ಟು ಖುಷಿಯಿಂದ ಬಸ್ಸು ಹತ್ತಿದೆವು.

ಮುಂದಿನ ರವಿವಾರ ಸಸಿ ನೋಡಲು ಒಬ್ಬನೇ ಹೋದೆ. ಬಯಲಿನ ನಡುವೆ ಮುದುಕ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಮುಂದೆ, ನಮ್ಮ ಕುಣಿಯಿಂದ ಎರಡು ಮಾರು ದೂರದಲ್ಲಿ, ಬರೀ ನೆಲದ ಮೇಲೆ ಒಂದು ಮೊಟ್ಟೆ. ಕೋಳಿಯದಕ್ಕಿಂತ ಎಷ್ಟೋ ದೊಡ್ಡದು, ಹಸಿರು ಮಿಶ್ರಿತ ಕಂದು ಬಣ್ಣ. ಕುರಿ ತುಳಿಯದಂತೆ ಸುತ್ತ ಮುಳ್ಳು ಇಟ್ಟಿದ್ದ. ಮುಟ್ಟಿದೆ. ತಣ್ಣಗಿತ್ತು.

"ಏಳು ದಿನ ಆತ್ರಿ, ತಾಯಿ ಬಂದಿಲ್ಲ" ಅಂದ.

ಯಾವ ಹಕ್ಕಿ ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಎರಿಭೂತ ರೀ. ಹೇಳಿದ್ನೆಲ್ರಿ."

ಸೊಂಟದೆತ್ತರ ಇರುತ್ತದೆಯೇ ಎಂದೆ. ಹೂಂ ಎಂದ. ಕತ್ತು ಬೆಳ್ಳಗೆ? ಹೂಂ. ತಲೆ ಮೇಲೆ ಕರೀ ಟೊಪ್ಪಿಗೆ? ಅದಕ್ಕೂ ಹೂಂ. ಹೊಲದಲ್ಲಿ ದೂರಕ್ಕೆ ನಿಂತಾಗ ಮನುಷ್ಯನೇ ನಿಂತ ಹಾಗೆ ಕಂಡು ಎದೆ ಝಲ್ಲೆನ್ನುತ್ತದೆ, ಅದಕ್ಕೇ ಹಿರಿಯರು ಆ ಹೆಸರು ಇಟ್ಟರು ಎಂದ. ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದಂತೆ. ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಅದನ್ನು ನೋಡಲು ಎಷ್ಟು ವರ್ಷದಿಂದ ಈ ದಾರಿ ತುಳಿದಿದ್ದೇನೆ ಎಂದು ಅವನಿಗೆ ಹೇಳಿದೆ. ಅವನು ಕನಿಕರದಿಂದ, "ಕೇಳಿದ್ರ ತೋರಸ್ತಿದ್ನೆಲ್ರಿ" ಅಂದ. ಹಿಂದೊಮ್ಮೆ ಇದೇ ಮುದುಕನನ್ನೂ ಮಾಳಢೋಕ ಎಂದು ಕೇಳಿದ್ದೆನೋ ಏನೋ, ನನಗೆ ನೆನಪಿಲ್ಲ. ಕುರಿ ಕಾಯುವವರ ಮುಖವನ್ನು ನಾನು ಆಗ ಸರಿಯಾಗಿ ನೋಡುತ್ತಿರಲಿಲ್ಲ.

ಹೊರಡುವಾಗ ಅವನೇ ಒಂದು ಮಾತು ಹೇಳಿದ. ಆ ಹಕ್ಕಿಗೆ ಸುತ್ತ ದೂರದವರೆಗೆ ಕಾಣಬೇಕು, ಕಣ್ಣಿಗೆ ಏನೂ ಅಡ್ಡ ಬರಬಾರದು. ಮತ್ತೆ ಬರುವುದಿಲ್ಲ ಎಂದು ತಾನು ಅವತ್ತು ಸಿಟ್ಟಿನಲ್ಲಿ ಅಂದದ್ದು, ಆದರೆ ಸಸಿ ಕಿತ್ತು ಕುಣಿ ಮುಚ್ಚಿದರೆ ಮುಂದಿನ ಮಳೆಗೆ ಬಂದರೂ ಬರಬಹುದು ಎಂದ. ತಾನು ಕಿತ್ತರೆ ಪೊಲೀಸರು ಹಿಡಿಯುತ್ತಾರೆ, ನೀವು ಕಿತ್ತರೆ ಯಾರೂ ಕೇಳುವುದಿಲ್ಲ ಎಂದೂ ಅಂದ. ಕೀಳಿಸುತ್ತೇನೆ ಎಂದು ಮಾತು ಕೊಟ್ಟೆ.

ಮಂಡಳಿಯ ಸಭೆ ಆ ವಾರವೇ ಇತ್ತು. ಹೇಳಬೇಕೆಂದೇ ಹೋದೆ. ಹೋದರೆ ಸಸಿಗಳೆಲ್ಲ ನೆಟ್ಟು ಮುಗಿದ ಸಂತೋಷಕ್ಕೆ ನನಗೇ ಸನ್ಮಾನ ಇಟ್ಟುಕೊಂಡಿದ್ದಾರೆ. ಶಾಲು, ಹಾರ, ತೆಂಗಿನಕಾಯಿ. ಪಕ್ಷಿಪ್ರೇಮಿ ಎಂದು ಹೊಗಳಿದರು. ನಾಲ್ಕು ಮಾತಾಡಿ ಎಂದಾಗ ಎದ್ದು ನಿಂತೆ. ನೆಟ್ಟದ್ದನ್ನು ಕೀಳಬೇಕು, ತಪ್ಪು ನನ್ನದು ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಎಲ್ಲರಿಗೂ ಧನ್ಯವಾದ ಎಂದು ಕೂತೆ. ಇನ್ನೊಂದು ವಾರ ನೋಡೋಣ, ಬೇಸಗೆ ಬರಲಿ ನೋಡೋಣ ಎಂದು ದಿನ ತಳ್ಳಿದೆ. ಆ ಕಡೆಯ ಬಸ್ಸು ಹತ್ತುವುದನ್ನೇ ಬಿಟ್ಟು, ರವಿವಾರ ತೊರವಿಯ ಕಡೆ ಹೋಗಿ ಗುಬ್ಬಿ, ಗಿಳಿ ನೋಡಿ ಬರತೊಡಗಿದೆ. ಹೆಂಡತಿ ಏನಾಗಿದೆ ಎಂದು ಕೇಳಿದಳು. ಅವಳಿಗೂ ಹೇಳಲಿಲ್ಲ.

ಮರುವರ್ಷದ ಮಳೆಗಾಲ ಅರ್ಧ ಮುಗಿದ ಮೇಲೆ ಧೈರ್ಯ ಮಾಡಿ ಹೋದೆ. ಜಾಲಿ ನನ್ನ ಎದೆಯೆತ್ತರ ಬಂದಿತ್ತು. ಮುದುಕ ರಸ್ತೆಯ ಬದಿಗೆ ಕುರಿ ಬಿಟ್ಟುಕೊಂಡು ನಿಂತಿದ್ದ. ನನ್ನನ್ನು ಕಂಡು ನಮಸ್ಕಾರ ಮಾಡಿದ. ಅವನೇ ಹೇಳಿದ.

"ಬಂದಿತ್ರಿ ಸಾಹೇಬ್ರ. ಮೂರು ದಿನ ಬಂತು. ಮ್ಯಾಲೆ ಸುತ್ತ ಹೊಡದು ಹೊಡದು ನೋಡಿತು, ಇಳೀಲಿಲ್ಲ."

ಆ ಮೂರು ದಿನ ನಾನು ಮನೆಯಲ್ಲೇ ಇದ್ದೆ. ಸಸಿ ಕೀಳುವುದು ನಾಲ್ಕು ಆಳಿಗೆ ಒಂದು ದಿನದ ಕೆಲಸವಾಗಿತ್ತು. ಯಾಕೆ ಕೀಳಿಸಲಿಲ್ಲ ಎಂದು ಮುದುಕ ಕೇಳುತ್ತಾನೆಂದು ಕಾಯುತ್ತ ನಿಂತೆ. ಅವನು ಕೇಳಲಿಲ್ಲ, ಕುರಿಗಳನ್ನು ಒಟ್ಟುಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತು ನೋಡ್ರಿ ಎಂದು ನನಗೆ ನೆನಪು ಮಾಡಿ ಹೋದ.