ಸ್ಟೆಬಿಲೈಜರ್ ಮೇಲಿಟ್ಟ ಮೊದಲ ಫ್ಲಾಪಿ

೧೯೮೯ರಲ್ಲಿ ನಾನು ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಸುತ್ತಲ ತಾಲೂಕುಗಳಲ್ಲಿ ಆಗ ಕಂಪ್ಯೂಟರುಗಳಿದ್ದದ್ದು ಬೆರಳೆಣಿಕೆಯಷ್ಟು. ಅವು ಕೆಟ್ಟಾಗ ನಮ್ಮ ಕಂಪನಿಯಿಂದ ಬಸ್ಸು ಹತ್ತುತ್ತಿದ್ದವನು ನಾನೊಬ್ಬನೇ. ಹೋದಲ್ಲೆಲ್ಲ ಕುರ್ಚಿ ಒರೆಸಿ ಕೊಡುತ್ತಿದ್ದರು, ಚಹಾ ತರಿಸುತ್ತಿದ್ದರು. ಅದು ನನ್ನ ತಲೆಗೇರಿತ್ತು. ಅದು ಹೇಗೆ ಇಳಿಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನವಲಗುಂದದ ಹೊರವಲಯದಲ್ಲಿ ಕುಷ್ಠರೋಗಿಗಳಿಗಾಗಿ ಒಂದು ಸಣ್ಣ ಸೇವಾ ಆಸ್ಪತ್ರೆ ಇತ್ತು. ಅಲ್ಲಿಯ ಕಂಪ್ಯೂಟರಿಗೆ ಐದು ವರ್ಷ ತುಂಬಿತ್ತು. ಮೆಮೊರಿ ೨೫೬ ಕೆಬಿ, ಹಾರ್ಡ್ ಡಿಸ್ಕ್ ಹತ್ತೇ ಎಂಬಿ. ಅದರಲ್ಲಿದ್ದದ್ದು ಡಾಸ್ ೨.೧೧. ಯಂತ್ರ ಎದ್ದ ಕೂಡಲೇ ಓಡಿ, ಉಳಿದ ಪ್ರೋಗ್ರಾಮುಗಳೆಲ್ಲ ನಿಲ್ಲಲು ನೆಲ ಒದಗಿಸುವ ಆಪರೇಟಿಂಗ್ ಸಿಸ್ಟಮ್‌ಗೆ ಆಗ ನಮ್ಮಲ್ಲಿ ಡಾಸ್ ಎಂದೇ ಹೆಸರು. ದಾನಿಗಳು ಕಳಿಸಿದ ಹೊಸ ಪ್ರೋಗ್ರಾಮಿಗೆ ಡಾಸ್ ೩.೩ ಬೇಕಿತ್ತು. ಅದನ್ನು ಹಾಕಿಕೊಡುವುದು ನನ್ನ ಕೆಲಸ.

ಅಲ್ಲಿಯ ಡಾಕ್ಟರ್ ಕುಲಕರ್ಣಿ ಬಾಯಿಯವರು ಮೊದಲೇ ಎಚ್ಚರಿಸಿದ್ದರು: "ನಮ್ಮ ಕಡೆ ಕಾಗದದ ರಜಿಸ್ಟರ್ ಇಲ್ರಿ. ಇರೂದೆಲ್ಲಾ ಇದರಾಗ." ಹಿಂದೊಮ್ಮೆ ಮೇಜಿನ ಮೇಲೆ ತೆರೆದಿದ್ದ ರಜಿಸ್ಟರಿನಲ್ಲಿ ಯಾರೋ ಒಂದು ಹೆಸರು ಓದಿ, ಒಬ್ಬ ಹುಡುಗಿಯ ನಿಶ್ಚಿತಾರ್ಥ ಮುರಿದುಬಿತ್ತಂತೆ. ಅಂದಿನಿಂದ ಅವರು ರೋಗಿಗಳ ವಿವರವನ್ನು ಕಾಗದದಲ್ಲಿ ಉಳಿಸುತ್ತಿರಲಿಲ್ಲ. ಕ್ಷೇತ್ರ ಕಾರ್ಯಕರ್ತ ಸಂಗಪ್ಪ ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ, ತನ್ನ ಕಣ್ಣೆದುರೇ ರೋಗಿ ಮಾತ್ರೆ ನುಂಗುವುದನ್ನು ನೋಡಿ ಬರುತ್ತಿದ್ದ. ಬಂದವನೇ ಕಂಪ್ಯೂಟರಿಗೆ ಸೇರಿಸಿ, ಕೈಲಿದ್ದ ಪಟ್ಟಿಯನ್ನು ಸುಡುತ್ತಿದ್ದ. ಇಂಥ ಇಪ್ಪತ್ನಾಲ್ಕು ಡೋಸ್ ಮುಗಿದರೆ ಗುಣವಾಯಿತೆಂಬ ಪತ್ರ ಸಿಗುತ್ತಿತ್ತು.

ಹೊಸ ಡಾಸ್‌ನ ಕಡತಗಳು ಹಳೆಯವಕ್ಕಿಂತ ದೊಡ್ಡವು. ಅವಕ್ಕೆ ಬೇಕಾದ ಆರಂಭದ ಜಾಗ ಡಿಸ್ಕಿನಲ್ಲಿ ಖಾಲಿ ಇರಲಿಲ್ಲ. ಇದ್ದದ್ದನ್ನೆಲ್ಲ ಫ್ಲಾಪಿ ಎಂಬ ತೆಳು ಕಾಂತೀಯ ತಟ್ಟೆಗಳಿಗೆ ನಕಲು ಮಾಡಿ, ಡಿಸ್ಕನ್ನು ಪೂರ್ತಿ ಅಳಿಸಿ, ಹೊಸ ಡಾಸ್ ಹಾಕಿ, ನಕಲನ್ನು ಮರಳಿ ತುಂಬುವುದೊಂದೇ ದಾರಿ. ಮಂಗಳವಾರ ಮಧ್ಯಾಹ್ನ ಶುರು ಮಾಡಿದೆ. ಎಂಟು ಫ್ಲಾಪಿ ಬೇಕಾದವು. ಎರೆ ಮಣ್ಣಿನ ಕಪ್ಪು ಧೂಳು ಮೇಜಿನ ಮೇಲೆಲ್ಲ ಕೂತಿತ್ತು. ಸ್ವಚ್ಛವಾಗಿದ್ದದ್ದು ಪಕ್ಕದ ಸ್ಟೆಬಿಲೈಜರ್ ಒಂದೇ. ಅಲ್ಲಿಯ ಕರೆಂಟು ಏರಿಳಿದು ಯಂತ್ರ ಸುಡದಿರಲೆಂದು ಇಟ್ಟಿದ್ದ ಅಗಲ ತಲೆಯ ಕಬ್ಬಿಣದ ಪೆಟ್ಟಿಗೆ ಅದು. ಬರೆದ ಫ್ಲಾಪಿಗಳನ್ನು ಒಂದರ ಮೇಲೊಂದು ಅದರ ಮೇಲೆ ಪೇರಿಸಿದೆ.

ಅದರೊಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದರ ಸುತ್ತ ಕಾಂತಶಕ್ತಿ ಇರುತ್ತದೆ, ಫ್ಲಾಪಿಯ ಬರಹವನ್ನು ಅದು ಕೆಡಿಸಬಲ್ಲದು. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ! ಐದೂವರೆಯ ಹುಬ್ಬಳ್ಳಿ ಬಸ್ಸು ತಪ್ಪಬಾರದೆಂಬ ಅವಸರದಲ್ಲಿ, ನಕಲುಗಳನ್ನು ಒಮ್ಮೆ ಓದಿಸಿಯೂ ನೋಡದೆ ಡಿಸ್ಕನ್ನು ಅಳಿಸಿದೆ.

ಹೊಸ ಡಾಸ್ ಚೆನ್ನಾಗಿಯೇ ಕೂತಿತು. ಮೊದಲ ಫ್ಲಾಪಿ ಹಾಕಿದೆ. ಡ್ರೈವು ಕರಕರ ಎಂದಿತು, ಓದಲಾಗುತ್ತಿಲ್ಲ ಎಂಬ ಸಂದೇಶ ಬಂತು. ಮತ್ತೆ ಹಾಕಿದೆ, ಮತ್ತೆ ಅದೇ. ಹತ್ತು ಸಲವಾದ ಮೇಲೆ ಸ್ಟೆಬಿಲೈಜರ್ ಕಡೆ ತಿರುಗಿ ನೋಡಿದೆ. ಕಬ್ಬಿಣಕ್ಕೆ ತಾಗಿ ತಳದಲ್ಲಿದ್ದ ಫ್ಲಾಪಿ ಅದು. ಮೇಲಿನ ಏಳೂ ಕುಂಟುತ್ತ ಕುಂಟುತ್ತ ಓದಿಸಿಕೊಂಡವು.

"ಒಂದು ಫ್ಲಾಪಿ ಹೋತ್ರಿ," ಎಂದೆ.

"ಒಂದು ಅಂದ್ರ ಎಷ್ಟು ಮಂದಿ?" ಡಾಕ್ಟರ್ ಬಾಯಿಯವರು ಕೇಳಿದರು.

ನವಲಗುಂದ ಭಾಗದ ಅರವತ್ನಾಲ್ಕು ಮಂದಿ. ಯಾರಿಗೆ ಎಷ್ಟು ಡೋಸ್ ಆಗಿದೆ ಎಂಬ ಲೆಕ್ಕವೆಲ್ಲ ಆ ಮೊದಲ ಫ್ಲಾಪಿಯಲ್ಲಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬುಧವಾರ ಆ ಫ್ಲಾಪಿಯನ್ನು ಹುಬ್ಬಳ್ಳಿಗೆ ಒಯ್ದು ಮೂರು ಯಂತ್ರಗಳಲ್ಲಿ ಹಾಕಿ ನೋಡಿದೆ. ಸಿಕ್ಕಿದ್ದು ಅರ್ಥವಿಲ್ಲದ ಅಕ್ಷರಗಳು. ಗುರುವಾರ ಬೆಳಿಗ್ಗೆ ಬರಿಗೈಲಿ ಮರಳಿದೆ. ಅದೇ ಹೊತ್ತಿಗೆ ಜಮಖಾನ ನೇಯುವ ಒಬ್ಬ ಹೆಣ್ಣುಮಗಳು ಕೊನೆಯ ಡೋಸು, ಪತ್ರ ಎರಡಕ್ಕೂ ತಾನೇ ಆಸ್ಪತ್ರೆಗೆ ಬಂದಿದ್ದಳು. ಹೆಸರು ಆಗಲೂ ಕೇಳಲಿಲ್ಲ, ಈಗಲೂ ಗೊತ್ತಿಲ್ಲ. ರೋಗ ತಿಳಿದ ದಿನವೇ ಗಂಡನ ಮನೆಯವರು ಎರಡು ವರ್ಷದ ಮಗಳನ್ನು ಇಟ್ಟುಕೊಂಡು ಇವಳನ್ನು ತವರಿಗೆ ಅಟ್ಟಿದ್ದರು. ಡಾಕ್ಟರರ ಪತ್ರ ತಂದರೆ ಮಾತ್ರ ಮಗಳ ಮುಖ ನೋಡಬಹುದು ಎಂದಿದ್ದರಂತೆ.

"ಇಕೀದು ಇಪ್ಪತ್ಮೂರು ಆಗ್ಯಾವು ಅಂತ ಅನಸ್ತದರಿ, ಬಾಯಾರ," ಎಂದ ಸಂಗಪ್ಪ.

"ಅನಸೂದು ಔಷಧಕ್ಕ ನಡ್ಯಾಂಗಿಲ್ಲ, ಸಂಗಪ್ಪ." ಡಾಕ್ಟರ್ ಬಾಯಿಯವರು ಅವಳ ಕಡೆ ತಿರುಗಿದರು. "ಲೆಕ್ಕ ಸಿಗಲಿಲ್ಲಂದ್ರ ಮೊದಲಿಂದ ಶುರು ಮಾಡಬೇಕಾಗ್ತದವಾ."

"ಮತ್ತ ಎರಡು ವರ್ಷ?" ಎಂದಳು ಅವಳು. "ಅಷ್ಟೊತ್ತಿಗೆ ನನ್ನ ಮಗಳು ನನ್ನ ಗುರ್ತ ಹಿಡ್ಯಾಂಗಿಲ್ರಿ."

ನಾನು ಬಾಗಿಲ ಬಳಿ ನಿಂತಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವಳು ಎದ್ದು ಹೋದಳು. ಒಂದು ತಾಸಿನ ಮೇಲೆ ಕಂಕುಳಲ್ಲಿ ಸುರುಳಿಯೊಂದನ್ನು ಹಿಡಿದುಕೊಂಡು ಮರಳಿ ಬಂದಳು. ಮಗು ಕೂರುವಷ್ಟೇ ಅಗಲದ ಜಮಖಾನ, ತುದಿಯಲ್ಲಿ ಇನ್ನೂ ನೇಯದ ನೂಲು ಜೋತಾಡುತ್ತಿತ್ತು. ಮಗ್ಗದಿಂದ ಕತ್ತರಿಸಿ ತಂದಿದ್ದಳು.

"ಮಗಳಿಗಂತ ಹಚ್ಚಿದ್ದೆರಿ. ಗುಳಿಗಿ ನುಂಗಿದ ದಿನ ಒಂದು ಪಟ್ಟಿ ನೇದೇನಿ. ಎಣಸ್ರಿ."

ಇಪ್ಪತ್ಮೂರು ಪಟ್ಟಿ. ಎಲ್ಲ ಕೆಂಪು, ಹಳದಿ. ಒಂಬತ್ತನೆಯದು ಮಾತ್ರ ಕಪ್ಪು.

"ಇದ್ಯಾಕ ಕರೇದು?" ಡಾಕ್ಟರ್ ಬಾಯಿಯವರು ಕೇಳಿದರು.

"ಆ ತಿಂಗಳು ಸಂಗಪ್ಪಣ್ಣಾರು ಹದಿನೈದು ದಿನ ತಡಾ ಮಾಡಿ ಬಂದ್ರು. ಸಿಟ್ಟಿಗೆ ಕರೇ ನೂಲು ಹಾಕಿದೆ."

ಡಾಕ್ಟರ್ ಬಾಯಿಯವರು ಔಷಧದ ಸ್ಟಾಕ್ ಬುಕ್ ತೆರೆದರು. ಅದರಲ್ಲಿ ಯಾರಿಗೆ ಕೊಟ್ಟರೆಂಬುದಿರಲಿಲ್ಲ, ಮಾತ್ರೆ ಯಾವತ್ತು ಬಂತೆಂಬುದಿತ್ತು. ಈ ತಿಂಗಳು ಇಪ್ಪತ್ನಾಲ್ಕನೆಯದಾದರೆ ಒಂಬತ್ತನೆಯದು ಹದಿನೈದು ತಿಂಗಳ ಹಿಂದಿನದು. ಆ ತಿಂಗಳ ಮಾತ್ರೆಗಳು ಎರಡು ವಾರ ತಡವಾಗಿ ಬಂದಿದ್ದವು. ಪಟ್ಟಿಗಳನ್ನು ಅವರು ಇನ್ನೊಮ್ಮೆ ಬೆರಳಿಟ್ಟು ಎಣಿಸಿದರು. ಆಮೇಲೆ ಇಪ್ಪತ್ನಾಲ್ಕನೆಯ ಡೋಸನ್ನು ಅವಳ ಅಂಗೈಲಿಟ್ಟು, ಪತ್ರ ಬರೆಯಲು ಕೂತರು.

ಅವಳು ಹೊರಡುವಾಗ ಪಡಸಾಲೆಯಲ್ಲಿ ಎದುರಾದೆ. "ಅಕ್ಕಾರ, ತಪ್ಪು ನಂದ್ರಿ," ಎಂದೆ.

"ನನ್ನ ಲೆಕ್ಕ ನನ್ನ ಕಡೆ ಇತ್ತು," ಎಂದಳು. "ಇಲ್ಲದವ್ರ ಮನಿಗೆ ಹೋಗಿ ಹೇಳ್ರಿ."

ಉಳಿದವರಲ್ಲಿ ಹೆಚ್ಚಿನವರು ಮಾತ್ರೆ ಬಿಡಿಸಿಕೊಂಡ ಖಾಲಿ ಪೊಟ್ಟಣಗಳನ್ನು ಎತ್ತಿಟ್ಟಿದ್ದರು, ಅವನ್ನು ಎಣಿಸಿ ಲೆಕ್ಕ ಹಿಡಿದರು. ಹತ್ತೊಂಬತ್ತು ಮಂದಿಯ ಬಳಿ ಏನೂ ಸಿಗಲಿಲ್ಲ. ಅವರೆಲ್ಲ ಮೊದಲ ಡೋಸಿನಿಂದ ಶುರು ಮಾಡಬೇಕಾಯಿತು. ಐವರು ಬೇಸತ್ತು ಔಷಧವನ್ನೇ ಬಿಟ್ಟರೆಂದು ಮುಂದೆ ಸಂಗಪ್ಪ ಹೇಳಿದ.

ಮುಂದೆ ಮೂವತ್ತು ವರ್ಷ ಈ ಕೆಲಸ ಮಾಡಿದೆ. ನಕಲನ್ನು ಬೇರೊಂದು ಯಂತ್ರದಲ್ಲಿ ಓದಿಸಿ ನೋಡದೆ ಒಂದು ಡಿಸ್ಕನ್ನೂ ಅಳಿಸಲಿಲ್ಲ. ಜೊತೆಯವರು ಪುಕ್ಕಲ ಎಂದು ನಕ್ಕರು, ನಗಲಿ ಎಂದು ಬಿಟ್ಟೆ. ಆ ಪಾಠಕ್ಕೆ ಒಂದು ಫ್ಲಾಪಿ ಸಾಕಾಯಿತು. ಕೆಡಿಸಿದವನೇ ಬಾಗಿಲಿಗೆ ಹೋಗಿ ಹೇಳಬೇಕು ಎಂಬ ಇನ್ನೊಂದು ಪಾಠವನ್ನು ಮಾತ್ರ ಹೋಗದೆಯೇ ಕಲಿತೆ. ಆ ಹತ್ತೊಂಬತ್ತು ಮನೆಗಳಿಗೆ ಹೊರಟ ದಿನ ಸಂಗಪ್ಪ ನನ್ನನ್ನೂ ಕರೆದಿದ್ದ. ನಾನು ಕೆಲಸದ ನೆಪ ಹೇಳಿ ಐದೂವರೆಯ ಬಸ್ಸು ಹತ್ತಿದೆ.