ಕೊಲೆಗಾರನ ಹೆಸರು ಬರದಾಂವ

ಗೆಳತ್ಯಾರ, ನನ್ನ ಎದಿ ಇನ್ನೂ ಡವಡವ ಅನ್ನಾಕತ್ತೈತಿ!

ಇವತ್ತು ಗದಗಿನ ಓದುಗರ ಬಳಗದಾಗ ಹೊಸಬರೆಲ್ಲ ಎದ್ದು ನಿಂತು ತಮ್ಮ ಓದಿನ ಚಟದ ಬಗ್ಗೆ ಹೇಳಬೇಕಿತ್ತು. ನಾ ಹೇಳಿದೆ: "ಎಂಬತ್ತರ ದಶಕದಾಗ ಮುಂಡರಗ್ಯಾಗ ಇದ್ದಾಗ ಪತ್ತೇದಾರಿ ಕಾದಂಬರಿ ಅಂದ್ರ ಜೀವ ಬಿಡ್ತಿದ್ದೆ. ಆದ್ರ ಯಾವನೋ ಹಲ್ಕಟ್ ವಾಚನಾಲಯದ ಪ್ರತಿ ಹೊಸ ಪುಸ್ತಕದ ಮೊದಲನೇ ಪುಟದಾಗ ಕೊಲೆಗಾರನ ಹೆಸರು ಬರದಿಡ್ತಿದ್ದ. ಸಿಟ್ಟಿಗೆದ್ದು ಓದದನ ವಾಪಸ್ ಕೊಡ್ತಿದ್ದೆ."

ಮುಂದಿನ ಪಾಳಿ ನಮ್ಮ ಮನಿಯವರದು. ಅವರೂ ಮುಂಡರಗಿಯವರ. ಎದ್ದು ನಕ್ಕೋತ ಅಂದ್ರು, "ಅದನ್ನ ಬರದಾಂವ ನಾನ ರೀ. ಹೊಸ ಪುಸ್ತಕಕ್ಕ ನನ್ನ ಪಾಳಿ ಯಾವಾಗಲೂ ಕಡೀಕ. ಹೆಸರು ನೋಡಿದ್ರ ಮಂದಿ ಜಲ್ದಿ ವಾಪಸ್ ಕೊಡ್ತಿದ್ರು."

ನಾ ಕುಂತಲ್ಲಿಂದನ ಕೇಳಿದೆ: "ನೀವ ಇನ್ನೂ ಓದಿರಲಿಲ್ಲ, ಕೊಲೆಗಾರ ಯಾರಂತ ಹೆಂಗ ಗೊತ್ತಾತು?"

"ಯಾರಿಗೆ ಗೊತ್ತು! ಪುಸ್ತಕ ಬಂದ ದಿನಾನ ವಾಚನಾಲಯದಾಗ ನಿಂತು ನಡುವಿನ ಪುಟ ತಗದು ಕಣ್ಣಿಗೆ ಬಿದ್ದ ಹೆಸರು ಬರೀತಿದ್ದೆ."

ಅಯ್ಯೋ ಶಿವನ! ಒಂದು ಕಾದಂಬರ್ಯಾಗಿನ ಪಾಪದ ಡಾಕ್ಟರನ್ನ ಇಷ್ಟು ವರ್ಷ ಕೊಲೆಗಾರ ಅಂತ ನಂಬೀನಿ. "ಬರದಾಂವನ ಕೈಗೆ ಹುಳಾ ಬೀಳ್ಲಿ" ಅಂತ ಮದುವಿ ಆದ ಮ್ಯಾಲೂ ಊಟದ ಹೊತ್ತಿನ್ಯಾಗ ನಾ ಶಾಪ ಹಾಕಿದಾಗೆಲ್ಲ, ಖರೇ ಅಪರಾಧಿ ನನ್ನ ಎದುರಿಗೇ ಕುಂತು "ಬೀಳ್ಲಿ, ಬೀಳ್ಲಿ" ಅನಕೋತ ಅದ ಕೈಲೆ ಬಿಸಿ ರೊಟ್ಟಿ ಮುರೀತಿದ್ದ.