ಸತ್ಯವ್ವನ ಕಟ್ಟೆಯ ಮೇಲೆ ನಾಯಕತ್ವದ ಪಾಠ

ಶಿರಗುಪ್ಪಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೊದಲ ಬಸ್ಸಿನಿಂದ ಇಳಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆಕಳಿಸುತ್ತಾ ಅಬೀದಾ ಮೇಡಂ ಹಿಂದೆ ನಡೆಯುತ್ತಿದ್ದಾರೆ. ರವಿವಾರದ ನಿದ್ದೆ ಹಾಳಾದ ಸಿಟ್ಟು ಎಲ್ಲರ ಮುಖದಲ್ಲೂ ಇದೆ. ಓಣಿಯ ಕೊನೆಯ ಮನೆಯ ಮುಂದೆ ಸತ್ಯವ್ವ ಅಂಗಳ ಗುಡಿಸುತ್ತಿದ್ದಾರೆ. ಅವರ ಬಲಗೈಯಲ್ಲಿ ಎರಡು ಬೆರಳಿಲ್ಲ, ಕಸಬರಿಗೆ ಎಡಗೈಯಲ್ಲಿದೆ.

"ಈ ಸಲ ಲೀಡರ್ ಯಾರು?" ಅಬೀದಾ ಕೇಳುತ್ತಾರೆ. ಮಿಲಿಂದ ಎಂಬ ಹುಡುಗ ಕೈ ಎತ್ತುತ್ತಾನೆ. "ಹಂಗಾರ ಕಟ್ಟಿ ಮ್ಯಾಲ ಅವರ ಮುಂದ ಕುಂದ್ರು. ಅವರ ಬೆರಳು ಹೆಂಗ ಹೋದವು ಅಂತ ಬಸ್ಸಿನ್ಯಾಗ ಹೇಳೇನಿ. ಈಗ ಅದನ್ನ ಅವರಿಗೆ ನೀ ಹೇಳು."

ಹುಬ್ಬಳ್ಳಿಯ ಮೆಕ್ಯಾನಿಕ್ ಗುಲಾಬಸಾಬರ ಮಗಳು ಅಬೀದಾ ಎಂಜಿನಿಯರಿಂಗ್ ಹುಡುಗರಿಗೆ ನಾಯಕತ್ವ ಕಲಿಸಲು ಶುರುಮಾಡಿ ಹದಿನಾಲ್ಕು ವರ್ಷವಾಯಿತು. ಬೈರಿದೇವರಕೊಪ್ಪದ ಬಾಡಿಗೆ ಮನೆಯಿಂದ ಹೊರಟು ಅವಳಿ ನಗರದ ಮೂರು ಕಾಲೇಜು ಸುತ್ತುತ್ತಾರೆ. ಎಲ್ಲ ಕಡೆಯೂ ಗುತ್ತಿಗೆಯೇ. ಮೊದಲು ಅವರೂ ಎಲ್ಲರಂತೆ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ, ಕಾಗದದ ಗೋಪುರ ಕಟ್ಟುವ ಆಟ ಆಡಿಸುತ್ತಿದ್ದರು. ಹುಡುಗರು ಚಪ್ಪಾಳೆ ತಟ್ಟಿ, ಸರ್ಟಿಫಿಕೇಟು ಇಸಿದುಕೊಂಡು ಹೋಗುತ್ತಿದ್ದರು.

ಆರು ವರ್ಷದ ಹಿಂದೆ ಅವರು ಕಲಿಸುತ್ತಿದ್ದ ಒಂದು ತಂಡ ಶಿರಗುಪ್ಪಿಯ ಹೆಣ್ಣುಮಕ್ಕಳಿಗಾಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಯಂತ್ರ ಮಾಡಿತು. ತಂಡದ ನಾಯಕ ಅಂಬರೀಷ. ಉದ್ಘಾಟನೆಯ ದಿನ, ಒಳಗಿನ ಬ್ಲೇಡು ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ಮೇಲಿನ ತಗಡಿನ ಮುಚ್ಚಳ ತೆಗೆದರು. ಫೋಟೋ ಆಯಿತು, ಹಾರ ಆಯಿತು, ಉಪ್ಪಿಟ್ಟೂ ಆಯಿತು. ಮುಚ್ಚಳ ಹಾಕುವುದು ಯಾರ ನೆನಪಿಗೂ ಬರಲಿಲ್ಲ. ಮರುದಿನ ಮೊದಲ ಬುಟ್ಟಿ ಸುರಿದವರು ಸತ್ಯವ್ವ. ಸತ್ತೂರಿನ ದೊಡ್ಡಾಸ್ಪತ್ರೆಗೆ ಒಯ್ದರೂ ಬೆರಳು ಉಳಿಯುವ ಹಾಗಿರಲಿಲ್ಲ.

ಕಾಲೇಜು ಆಸ್ಪತ್ರೆಯ ಖರ್ಚು ಕೊಟ್ಟು ಸುಮ್ಮನಾಯಿತು. ತಂಡದವರನ್ನು ಕೇಳಿದರೆ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿದರು. ಆ ಹಾಳು ಯಂತ್ರಕ್ಕೆ ಸಿಕ್ಕಿದ್ದ ಮೊದಲ ಬಹುಮಾನವನ್ನು ಮಾತ್ರ ಯಾರೂ ವಾಪಸು ಕೊಡಲಿಲ್ಲ.

ಅಬೀದಾ ಹೋದಾಗಲೆಲ್ಲ ಸತ್ಯವ್ವ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೊನೆಗೊಂದು ದಿನ ಹೊರಗೆ ಬಂದು ಕೇಳಿದರು: "ನೀ ಒಬ್ಬಾಕಿನಾ ಯಾಕ ಬರ್ತಿ? ಮಾಡಿದಾವ್ರು ಎಲ್ಲಿ ಅದಾರ?"

ಮಾಡಿದವರು ಬರಲಿಲ್ಲ. ಹಾಗಾಗಿ ಅಬೀದಾ ಮುಂದೆ ಮಾಡಲಿರುವವರನ್ನು ಪ್ರತಿ ವರ್ಷ ಕರೆತರುತ್ತಾರೆ. "ಕೆಲವರು ಹೊಳ್ಳಿ ಹೋಗುವಾಗ, ನನಗ ಲೀಡರ್‌ಗಿರಿ ಬ್ಯಾಡ್ರಿ ಮಿಸ್ ಅಂತಾರ. ಅಂಥವರಿಗೆ ನಾ ಪೂರಾ ಮಾರ್ಕ್ಸ್ ಕೊಡ್ತೇನ್ರಿ. ಹೆದರಿಕಿ ಬಂತಲ್ಲ, ಸಾಕು," ಎನ್ನುತ್ತಾರೆ.

ಈ ವರ್ಷ ಆ ಯಂತ್ರ ಮಾಡಿದವರ ಕಾಲೇಜೇ ಖಡಾಖಂಡಿತವಾಗಿ ಹೇಳಿದೆ: ಶಿರಗುಪ್ಪಿ ಬಿಡಿ, ಇಲ್ಲವೇ ಜೂನ್‌ನಿಂದ ಬರಬೇಡಿ. ಹಳ್ಳಿಯ ಬದಲು ಸಭಾಂಗಣದಲ್ಲಿ ಉಪನ್ಯಾಸ ಸಾಕಂತೆ. ಹೋದ ತಿಂಗಳು ಮೊದಲ ಉಪನ್ಯಾಸವೂ ಆಯಿತು. ಅತಿಥಿ ಬೇರೆ ಯಾರೂ ಅಲ್ಲ, ಅಂಬರೀಷ. ಈಗ ಒಂದು ಕಾರ್ಖಾನೆಯಲ್ಲಿ ವಿಭಾಗದ ಮುಖ್ಯಸ್ಥ. ಅವನ ಬೆನ್ನ ಹಿಂದಿನ ಪರದೆಯ ಮೇಲೆ ಅದೇ ಯಂತ್ರದ ಫೋಟೋ, ಹಾರ ಸಮೇತ.

ನಿರೂಪಣೆಗೆ ನಿಂತಿದ್ದ ಅಬೀದಾ ಮೈಕಿನಲ್ಲೇ ಕೇಳಿದರು: "ಅಂಬರೀಷ, ಈ ಫೋಟೋಕ್ಕಂತ ತಗದ ಮುಚ್ಚಳ ಹೊಳ್ಳಿ ಹಾಕೋದು ಯಾರ ಕೆಲಸ ಆಗಿತ್ತು?"

ಅವನು ಒಂದು ಗುಟುಕು ನೀರು ಕುಡಿದು ನಕ್ಕ. "ನಮ್ಮಲ್ಲಿ ನಾನು ಅನ್ನೋದೇ ಇರಲಿಲ್ಲ ಮಿಸ್. ಎಲ್ಲಾ ಟೀಮ್." ಸತ್ಯವ್ವನ ಹೆಸರೇ ಕೇಳಿರದ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು.

ಕೇಳಿದರೆ ಯಾರಿಗಾದರೂ ಮೈ ಉರಿಯುತ್ತದೆ. ಅಬೀದಾ ಮಾತ್ರ ಅದನ್ನು ಹೇಳುವಾಗ ದನಿ ಏರಿಸುವುದಿಲ್ಲ. ಅವತ್ತು ಮೈಕು ಕೆಳಗಿಟ್ಟು, ವೇದಿಕೆಯ ಹಿಂದೆ ಹೋಗಿ ಕುಳಿತುಬಿಟ್ಟರಂತೆ.

ಕಟ್ಟೆಯ ಮೇಲೆ ಮಿಲಿಂದ ಸತ್ಯವ್ವನ ಎದುರು ಕುಳಿತಿದ್ದಾನೆ. ಅವನ ಕಣ್ಣು ಸತ್ಯವ್ವನ ಕೈ ಬಿಟ್ಟು ಬೇರೆಲ್ಲ ಕಡೆ ಓಡಾಡುತ್ತಿದೆ. ಸತ್ಯವ್ವನಿಗೆ ಅವಸರವಿಲ್ಲ. ಅವರು ತಂದಿಟ್ಟ ಚಹಾ ಆರುತ್ತಿದೆ.

ಜೂನ್‌ಗೆ ಆ ಕಾಲೇಜಿನ ಕೆಲಸ ಹೋಗುವುದು ಖಾತ್ರಿ. ಉಳಿದೆರಡು ಕಾಲೇಜಿಗೂ ಸುದ್ದಿ ಮುಟ್ಟಿದೆ. ಹೀಗಿದ್ದೂ ಯಾಕೆ ಬಂದಿರಿ ಎಂದರೆ ಅಬೀದಾ ಹುಡುಗನ ಮೇಲಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

"ಅವ ಟೀಮ್ ಅಂದಾನಲ್ರಿ. ಆ ಟೀಮ್ ಕಟ್ಟಿದಾಕಿ ನಾನು. ಅದರಾಗಿಂದ ಒಬ್ಬರಾದ್ರೂ ಇಲ್ಲಿಗೆ ಬರಬೇಕಿಲ್ಲೇನ್ರಿ?"